ಹಸಿರು ಬರುವವರೆಗೆ ಒತ್ತಿ

ಅಂಗಿಯ ತೋಳಿನ ಗುಂಡಿ ಹಾಕಿಕೊಂಡಿದ್ದಾನೆ, ಯಾವತ್ತೂ ಮೊಣಕೈವರೆಗೆ ಮಡಚಿಕೊಂಡು ಓಡಾಡುವವನು ಇವತ್ತು ಮಣಿಕಟ್ಟಿನವರೆಗೆ ಇಳಿಸಿ ಗುಂಡಿ ಹಾಕಿಕೊಂಡಿದ್ದಾನೆ, ಬಟ್ಟೆಯ ಭಾರಕ್ಕೆ ಕೈ ಸುಮ್ಮನಿರುತ್ತದೆ ಅಂದುಕೊಂಡನೋ ಏನೋ ನಮ್ಮಣ್ಣ — ಮೀಟಿಂಗ್ ರೂಮಿನ ಉದ್ದನೆಯ ಮೇಜು, ಮೇಜಿನ ಮೇಲೆ ಗಾಜು, ಗಾಜಿನ ಮೇಲೆ ಇನ್ನೂ ಯಾರ ಬಾಗಿಲನ್ನೂ ಕಾಣದ ಹೊಸ ಬೀಗ, ಅದರ ಬೆನ್ನಿಂದ ಹೊರಟ ತಂತಿ ನನ್ನ ಲ್ಯಾಪ್‌ಟಾಪಿಗೆ, ಬೀಗದ ಮುಖದಲ್ಲಿ ಅಂಕಿಗಳ ಬಟನ್‌ಗಳು, ಅವುಗಳ ನೆತ್ತಿಯ ಮೇಲೆ ಕೆಂಪು ದೀಪ, ಶುರು ಮಾಡಿ ಎನ್ನುತ್ತಾರೆ ಮ್ಯಾನೇಜರು, ಕೆಳಗಡೆ ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ, ಸಾಹೇಬ್ರು ಒಂದ್ಸಲ ಕಣ್ಣಾರೆ ನೋಡ್ಲಿ — ದಿನಾ ಹೇಗೆ ಮಾಡುತ್ತಾನೋ ಹಾಗೆ, ಅಯ್ಯೋ ದೇವರೇ, ದಿನಾ ಅವನು ಹೇಗೆ ಮಾಡುತ್ತಾನೆ ಅನ್ನುವುದು ಈ ಕೋಣೆಯಲ್ಲಿ ಗೊತ್ತಿರುವುದು ಇಬ್ಬರಿಗೆ, ಅವನಿಗೆ ಮತ್ತು ನನಗೆ, ಪೊಲೀಸ್ ಅಧಿಕಾರಿಗೆ ಗೊತ್ತಿಲ್ಲ, ಮ್ಯಾನೇಜರಿಗೆ ಗೊತ್ತಿಲ್ಲ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುವ ನರ್ಸಿಗಂತೂ ಗೊತ್ತೇ ಇಲ್ಲ, ಅವಳಿಗೆ ಗೊತ್ತಿದ್ದಿದ್ದರೆ ಅವಳು ಇಲ್ಲಿ ಹೀಗೆ ಕೂರಬೇಕಾಗಿರಲಿಲ್ಲ. ಅಣ್ಣ ನನ್ನ ಕಡೆ ನೋಡಲಿಲ್ಲ, ಒಳ್ಳೆಯದಾಯಿತು, ನೋಡಿದ್ದರೆ ನಾನು ಎಲ್ಲಿ ನೋಡಬೇಕಿತ್ತು. ಟಕ್ — ಮೊದಲನೆಯದು ಒತ್ತಿದ.

ಒತ್ತುವುದಕ್ಕೆ ಮುಂಚೆ ಬೆರಳು ಗಾಳಿಯಲ್ಲಿ ಸ್ವಲ್ಪ ಅಲೆದಾಡಿತು, ಯಾರಾದರೂ ನೋಡಿದರೆ ಯಾವ ಬಟನ್ ಎಂದು ಯೋಚಿಸುತ್ತಿದ್ದಾನೆ ಅಂದುಕೊಳ್ಳಬೇಕು, ನೋಡುವವರು ಯಾರೂ ಬೆರಳನ್ನು ನೋಡುತ್ತಿಲ್ಲ, ಅಧಿಕಾರಿ ಕೆಂಪು ದೀಪವನ್ನು ನೋಡುತ್ತಿದ್ದಾರೆ, ಮ್ಯಾನೇಜರು ಅಧಿಕಾರಿಯನ್ನು — ನರ್ಸು ಮಾತ್ರ ಏನನ್ನು ನೋಡುತ್ತಿದ್ದಾಳೋ ತಿಳಿಯದು, ಅವಳ ಕಣ್ಣು ಆ ದಿನವೂ ಹೀಗೇ ಇತ್ತು, ನಿದ್ದೆಯಿಲ್ಲದ ಕಣ್ಣು, ಕೆಳಗಿನ ಸರ್ವಿಸ್ ಕೌಂಟರಿಗೆ ಬಟ್ಟೆಯ ಚೀಲದಲ್ಲಿ ಬೀಗ ಹಾಕಿಕೊಂಡು ಬಂದಿದ್ದಳು, ತಾನೇ ಸ್ಕ್ರೂ ಬಿಚ್ಚಿ ತಂದಿದ್ದಳಂತೆ, ಕೌಂಟರಿನ ಹುಡುಗಿ ಗಾಬರಿಯಾಗಿ ನನ್ನನ್ನು ಕರೆದಳು, ಮೇಡಂ ಇವರೇನೋ ಕೇಳ್ತಿದಾರೆ ನನಗೆ ಗೊತ್ತಾಗ್ತಿಲ್ಲ ಬನ್ನಿ ಅಂತ, ನಾನೂ ದೊಡ್ಡ ಮನುಷ್ಯಳ ಹಾಗೆ ಇಳಿದು ಹೋದೆ — ಇದನ್ನ ಮಾಡೋರು ನೀವೇನಾ ಅಂದಳು, ಇದರೊಳಗಿನ ಪ್ರೋಗ್ರಾಮ್ ನೋಡ್ಕೊಳೋದು ನಾನು ಅಂದೆ, ಹಾಗಾದ್ರೆ ನೀವೇ ಹೇಳಿ, ನಾನು ರಾತ್ರಿ ಡ್ಯೂಟಿ ಮಾಡೋಳು, ಬೆಳಿಗ್ಗೆ ಬಂದು ಮಲಗೋಳು, ಬೀಗ ಬಿದ್ದಿದೆ ಅಂತ ಎರಡು ಸಲ ಎಳೆದು ನೋಡೇ ಮಲಗಿದ್ದು, ಎಚ್ಚರ ಆದಾಗ ಅವನು ಮಂಚದ ಅಂಚಲ್ಲಿ ಕೂತಿದ್ದ — ಅಲ್ಲಿಗೆ ನಿಲ್ಲಿಸಿದಳು, ಕೇಳಬೇಕಾದವರು ಕೇಳಬಾರದ ಹಾಗೆ ಎಷ್ಟೋ ಸಲ ಕೇಳಿ ಮುಗಿಸಿದ್ದರು ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಅವನು ಮೇಲಿನ ಮಹಡಿಯವನು, ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ, ಅವಳೇ ಬಾಗಿಲು ತೆಗೆದಳು ಅನ್ನುತ್ತಾನಂತೆ, ಕರೆದಳು, ಹೋದೆ, ನನ್ನದೇನು ತಪ್ಪು — ಬಾಗಿಲಿಗೆ ಗೀರೂ ಬಿದ್ದಿಲ್ಲ, ಬೀಗದ ನೆನಪಿನಲ್ಲಿರುವುದು ಇಷ್ಟೇ, ಸರಿಯಾದ ಗುಟ್ಟುಸಂಖ್ಯೆ ಬಂತು, ತೆರೆದೆ, ಆ ಸಂಖ್ಯೆಯನ್ನು ಬೀಗಕ್ಕೆ ಕಳಿಸುವುದು ಫೋನು, ಅದು ಇರುವುದು ಅವಳ ಫೋನಿನಲ್ಲಿ ಮಾತ್ರ. ಬೀಗ ಸುಳ್ಳು ಹೇಳಲ್ಲ ಅಂದರಂತೆ ಸ್ಟೇಷನ್ನಿನಲ್ಲಿ, ನೀವು ಹೇಳ್ತಿರಬಹುದು ಅಂದರಂತೆ. ಅದಕ್ಕೇ ಇವತ್ತಿನ ಈ ಕೂಟ, ಬೇರೆ ಯಾರಾದರೂ ಆ ಬೀಗ ತೆಗೆಯಲು ಸಾಧ್ಯವೇ ಎಂದು ಕಂಪನಿ ಹೇಳಬೇಕು, ಸಾಧ್ಯ ಅಂದರೆ ಅವನು ಜೈಲಿಗೆ ಹೋಗುತ್ತಾನೆ, ಸಾಧ್ಯವಿಲ್ಲ ಅಂದರೆ ಇವಳು ಸುಳ್ಳುಗಾತಿಯಾಗಿ ಮನೆಗೆ ಹೋಗುತ್ತಾಳೆ, ಅದೇ ಮೆಟ್ಟಿಲು ಹತ್ತಿ ಅದೇ ಬಾಗಿಲಿಗೆ.

ಟಕ್, ಟಕ್‌ಟಕ್ — ಎರಡು ಸಲ ಬಿತ್ತು, ಒಂದು ಸಲ ಒತ್ತಲು ಹೋಗಿ ಎರಡು ಸಲ, ಲ್ಯಾಪ್‌ಟಾಪಿನ ಪರದೆಯ ಮೇಲೆ ಗೆರೆ ಎದ್ದು ಕುಣಿಯಿತು, ಎಂಥ ಚಂದದ ಗೆರೆ, ಹಾಳಾದ್ದು. ಬೆಳಿಗ್ಗೆ ಅಧಿಕಾರಿಗೆ ನಾನೇ ವಿವರಿಸಿದ್ದೆ, ಮ್ಯಾನೇಜರು ನನ್ನನ್ನೇ ಮುಂದೆ ತಳ್ಳಿದರು, ನಮ್ಮ ಕರ್ನಲ್ ಎಕ್ಸ್‌ಪರ್ಟು ಸಾರ್ ಇವರು ಅಂತ, ಕರ್ನಲ್ ಅಂದ್ರೆ ಮಿಲಿಟರೀನಾ ಅಂದರು ಅಧಿಕಾರಿ, ಎಲ್ಲರೂ ನಕ್ಕರು, ನಾನೂ ನಕ್ಕೆ, ಕರ್ನಲ್ ಅಂದ್ರೆ ಬೀಗದೊಳಗಿನ ಪುಟ್ಟ ಕಂಪ್ಯೂಟರಿನಲ್ಲಿ ತೀರ ಒಳಗೆ ಕೂತು ಎಲ್ಲರಿಗೂ ಬೇಕಾದ್ದನ್ನ ಎತ್ತಿಕೊಡೋ ಯಜಮಾನ ಸರ್, ಬೀಗ ಮೊದಲ ಸಲ ಕಣ್ಣು ಬಿಟ್ಟಾಗ ಅದಕ್ಕೊಂದು ಗುಟ್ಟುಸಂಖ್ಯೆ ಬೇಕು, ಯಾರೂ ಊಹಿಸಲಾಗದ ಸಂಖ್ಯೆ, ಅದನ್ನ ಕರ್ನಲ್ ಕೊಡಬೇಕು, ಆದರೆ ಕಂಪ್ಯೂಟರಿಗೆ ಊಹಿಸಲಾಗದ್ದು ಅನ್ನೋದೇ ಬರಲ್ಲ ಸರ್, ಅದು ಹೇಳಿದ್ದನ್ನ ಹೇಳಿದ ಹಾಗೆ ಮಾಡೋ ಜಾತಿ, ಆದ್ದರಿಂದ ಹೊರಗಿನಿಂದ ಒಂದಿಷ್ಟು ಗೊಂದಲ ಸಾಲ ತಗೋಬೇಕು — ಗೊಂದಲಾನೂ ಸಾಲ ಸಿಗುತ್ತಾ, ನಮ್ಮ ಸ್ಟೇಷನ್ನಿಗೆ ಬನ್ನಿ ಪುಕ್ಕಟೆ ಕೊಡ್ತೀವಿ ಅಂದರು ಅಧಿಕಾರಿ, ಮತ್ತೆ ನಗು, ನರ್ಸು ನಗಲಿಲ್ಲ. ದುಬಾರಿ ಚಿಪ್‌ನಲ್ಲಿ ಅದಕ್ಕೆಂದೇ ಒಂದು ಭಾಗ ಇರುತ್ತದೆ, ನಮ್ಮದು ಅಗ್ಗದ ಚಿಪ್, ಅದಕ್ಕೇ ಕೊನೆಯ ಟೇಬಲ್ಲಿನಲ್ಲಿ ಒಬ್ಬ ಮನುಷ್ಯ ಕೂತು ಬಟನ್‌ಗಳನ್ನು ಮನಸ್ಸಿಗೆ ಬಂದ ಹಾಗೆ ಒತ್ತುತ್ತಾನೆ, ಯಾವುದನ್ನು ಒತ್ತಿದ ಅನ್ನುವುದು ಮುಖ್ಯವಲ್ಲ, ಯಾವಾಗ ಒತ್ತಿದ ಅನ್ನುವುದು, ಒಂದು ಒತ್ತಿಗೂ ಇನ್ನೊಂದಕ್ಕೂ ನಡುವಿನ ಸಮಯವನ್ನು ಕರ್ನಲ್ ಎತ್ತಿಕೊಂಡು ಹಂಡೆಗೆ ಹಾಕಿ ಕಲಕುತ್ತದೆ, ಹಂಡೆ ತುಂಬಿತು ಅನ್ನಿಸಿದಾಗ ಹಸಿರು ದೀಪ, ಆಗ ಹಂಡೆಯಿಂದ ಸಂಖ್ಯೆ ಎತ್ತುತ್ತದೆ, ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದೆ ಸರ್, ಹಸಿರು ಬರುವವರೆಗೆ ಒತ್ತಿ ಅಂತ. ಇದಕ್ಕೆ ಇಂಜಿನಿಯರಿಂಗ್ ಓದ್ಬೇಕಾ, ನಮ್ಮನೆ ಮಗು ಮಾಡುತ್ತೆ ಅಂದರು. ಮಗು ಇನ್ನೂ ಚೆನ್ನಾಗಿ ಮಾಡುತ್ತೆ ಸರ್ ಅಂದೆ ನಾನು, ಅದು ನಿಜವಾಗಿತ್ತು.

ತುಂಬಿತು ಅನ್ನಿಸಿದಾಗ — ಆ ಅನ್ನಿಸುವಿಕೆಯಲ್ಲೇ ಇರುವುದು ಎಲ್ಲ ಅನಾಹುತ, ಕರ್ನಲ್ಲಿಗೆ ಹಂಡೆಯೊಳಗೆ ಬಗ್ಗಿ ನೋಡಲು ಬರುವುದಿಲ್ಲ, ಒತ್ತಿದ್ದನ್ನು ಎಣಿಸುತ್ತದೆ ಅಷ್ಟೇ, ಒಂದು ಒತ್ತಿಗೆ ಒಂದು ಚೊಂಬು ನೀರು ಎಂದು ಲೆಕ್ಕ ಹಿಡಿಯುತ್ತದೆ, ಚೊಂಬಿನಲ್ಲಿ ನೀರಿತ್ತೋ ಬರಿಗಾಳಿಯಿತ್ತೋ ಯಾರಿಗೆ ಬೇಕು, ಆ ಲೆಕ್ಕ ಹಾಕಿಟ್ಟವರು ಇದೇ ಮ್ಯಾನೇಜರು, ನಾನು ಸೇರುವುದಕ್ಕೆ ಮುಂಚೆ, ಇದು ಸರಿಯಿಲ್ಲ ಸರ್ ಸಮಯದ ವ್ಯತ್ಯಾಸ ಅಳೀಬೇಕು ಅಂದಿದ್ದೆ ನಾನು, ಅಯ್ಯೋ ಬಿಡಮ್ಮ, ಒತ್ತೋನು ಮನುಷ್ಯ ತಾನೇ, ಮನುಷ್ಯ ಯಾವತ್ತಾದ್ರೂ ಒಂದೇ ಥರ ಒತ್ತಿದ್ದುಂಟಾ ಅಂದರು, ಸರಿಯಾಗೇ ಹೇಳಿದ್ದರು, ಮನುಷ್ಯ ಒಂದೇ ಥರ ಒತ್ತುವುದಿಲ್ಲ. ಒತ್ತುತ್ತಿದ್ದುದು ಮನುಷ್ಯನಲ್ಲ ಅಷ್ಟೇ. ರಿಪೇರಿಗೆ ಬಂದ ಬೀಗಗಳನ್ನು ಕಪಾಟಿನಿಂದ ತೆಗೆದು ಒಂದೊಂದಾಗಿ ಬಿಚ್ಚಿದೆ, ನರ್ಸು ಬಂದುಹೋದ ಮೇಲೆ ತಡೆಯಲಾಗದೆ, ಮೊದಲನೆಯದರ ಸಂಖ್ಯೆಯೂ ಮೂರನೆಯದರದೂ ಒಂದೇ, ಕಣ್ಣುಜ್ಜಿಕೊಂಡೆ, ಆಮೇಲೆ ಇನ್ನೊಂದು, ಅದೂ ಅದೇ — ಕೋಟಿ ಕೋಟಿ ಕೋಟಿ ಸಾಧ್ಯತೆಗಳಿರಬೇಕಾದ ಜಾಗದಲ್ಲಿ ಬೆರಳೆಣಿಕೆಯ ಸಂಖ್ಯೆಗಳು, ಒಂದು ಲೋಟ ಟೀ ಕುಡಿದು ಮುಗಿಸುವುದರೊಳಗೆ ಯಾವುದೇ ಫೋನು ಅಷ್ಟನ್ನೂ ಒಂದೊಂದಾಗಿ ತಟ್ಟಿ ನೋಡಬಲ್ಲದು, ನಮ್ಮ ನಾಲ್ಕು ಬೀಗ ಬಿಚ್ಚಿ ನೋಡಿದರೆ ಆ ಸಂಖ್ಯೆಗಳು ಸಿಕ್ಕಿಬಿಡುತ್ತವೆ, ಮೊಬೈಲ್ ರಿಪೇರಿಯವನಿಗೆ ಅದೇನು ಮಹಾ. ಮ್ಯಾನೇಜರ ಬಳಿ ಓಡಿದೆ. ಕಾರಣ ಏನು ಅಂದರು, ಗೊತ್ತಿಲ್ಲ ಸರ್ ಅಂದೆ, ಆಗ ನಿಜಕ್ಕೂ ಗೊತ್ತಿರಲಿಲ್ಲ, ಕಾರಣ ಗೊತ್ತಿಲ್ದೆ ಬಾಯಿ ಬಿಡ್ಬೇಡ, ರಿಪೇರಿಗೆ ಬಂದಿದ್ದನ್ನ ಯಾರು ಏನು ಮಾಡಿದ್ರೋ, ಕಾರಣ ಹಿಡ್ಕೊಂಡು ಬಾ ಆಮೇಲೆ ಮಾತಾಡೋಣ. ಕಾರಣ ಹುಡುಕಿಕೊಂಡು ಕೆಳಗಿನ ಹಾಲಿಗೆ ಇಳಿದೆ, ಸಾಲು ಟೇಬಲ್ಲುಗಳನ್ನು ದಾಟಿ ಕೊನೆಯದಕ್ಕೆ, ಅಲ್ಲಿ ಅಣ್ಣ ಕೂತಿದ್ದ.

ಬಾ ಪುಟ್ಟಿ ಎಂದ, ಮುಖವೆಲ್ಲ ಅರಳಿತು, ಮೇಲಿನವರು ಕೆಳಗಿಳಿದು ಬರೋದು ಅಪರೂಪ ಅಂತ ಪಕ್ಕದವರಿಗೆ ಕೇಳುವ ಹಾಗೆ ಛೇಡಿಸಿದ, ಊಟ ಆಯ್ತಾ — ಟೇಬಲ್ಲಿನ ಮೇಲೆ ಅಡ್ಡಕ್ಕೆ ನಿಲ್ಲಿಸಿದ ತಗಡಿನ ಹಲಗೆ, ಅದರ ಹಿಂದೆ ಅದು, ಹಳೇ ಪ್ರಿಂಟರಿನ ಮೋಟಾರು, ಸೈಕಲ್ಲಿನ ಕಡ್ಡಿ ಬಗ್ಗಿಸಿ ಮಾಡಿದ ತೋಳು, ತುದಿಯಲ್ಲಿ ಪೆನ್ಸಿಲ್ಲಿನ ಹಿಂದಿನ ಗುಲಾಬಿ ರಬ್ಬರು, ಬೀಗವನ್ನು ಅದರ ಬಾಯಿಗೆ ಕೊಟ್ಟರೆ ನಡುವಿನ ಬಟನ್ನಿನ ಮೇಲೆ ಟಕ್ ಟಕ್ ಟಕ್ ಟಕ್, ಹಸಿರು, ತೆಗೆ, ಇನ್ನೊಂದು ಇಡು. ನೋಡು ಹೇಗೆ ಒತ್ತುತ್ತೆ ಅಂದ, ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ, ಕೈಯಲ್ಲಿ ಒತ್ತಿದ್ರೆ ಇಷ್ಟು ನೀಟಾಗಿ ಬರುತ್ತಾ ಹೇಳು — ಅವನಿಗೆ ಹೊಗಳಿಕೆ ಬೇಕಾಗಿತ್ತು, ನನ್ನಿಂದ, ಓದಿದ ತಂಗಿಯಿಂದ, ನಾನು ಆ ಗುಲಾಬಿ ರಬ್ಬರನ್ನೇ ನೋಡುತ್ತಾ ನಿಂತೆ, ಕರ್ನಲ್ ಬಟನ್ನುಗಳ ಕಡೆ ತಿರುಗಿ ನೋಡುವುದೇ ಸೆಕೆಂಡಿಗೆ ನೂರು ಸಲ, ಅದರ ನಡುವೆ ಏನಾದರೂ ಚೂರುಪಾರು ಏರುಪೇರಿದ್ದರೂ ಅದಕ್ಕೆ ಕಾಣದು, ಆ ರಬ್ಬರ್ ಬೆರಳಿನ ಪ್ರತಿ ಒತ್ತೂ ಅದಕ್ಕೆ ಒಂದೇ, ಪ್ರತಿ ಬೀಗಕ್ಕೂ ಒಂದೇ, ಚೊಂಬು ಚೊಂಬು ಬರಿಗಾಳಿ. ಕೆಳಗಿನವರು ಅವನನ್ನು ಗಡಿಯಾರ ಅನ್ನುತ್ತಾರೆ, ಗಡಿಯಾರ ಬಂತು ಶಿಫ್ಟ್ ಶುರುವಾಯ್ತು ಅನ್ನುತ್ತಾರೆ, ಅವನ ಟೇಬಲ್ಲಿನಲ್ಲಿ ಮಾಲು ನಿಂತದ್ದಿಲ್ಲ, ಯಾರೂ ತಗಡಿನ ಹಿಂದೆ ಇಣುಕಲಿಲ್ಲ, ಕೆಲಸ ಸಾಗುತ್ತಿರುವಾಗ ಯಾರು ಇಣುಕುತ್ತಾರೆ. ಯಾಕಣ್ಣಾ ಇದು ಅಂದೆ, ಗೋಡೆ ಮೇಲೆ ಬರೆದಿದೆಯಲ್ಲ, ಒತ್ತಿ ಅಂತ, ಕೈಯಲ್ಲೇ ಒತ್ತಬೇಕು ಅಂತ ತಾನೇ ಅದು. ಅವನ ಮುಖದ ನಗು ಹಾಗೇ ಇತ್ತು, ಕಣ್ಣಿನಲ್ಲಿ ಮಾತ್ರ ಏನೋ ಆರಿತು, ಟೇಬಲ್ಲಿನ ಕೆಳಗಿದ್ದ ಬಲಗೈಯನ್ನು ಮೇಲೆ ತಂದು ತಗಡಿನ ಮರೆಯಲ್ಲಿ ನನಗೊಬ್ಬಳಿಗೇ ಕಾಣುವ ಹಾಗೆ ಹಿಡಿದ, ಹಿಡಿದ ಎಂದರೆ ಹಿಡಿಯಲು ನೋಡಿದ. ಹೆಬ್ಬೆರಳೂ ತೋರುಬೆರಳೂ ಸೇರಿ, ಅಲ್ಲಿಲ್ಲದ ಏನನ್ನೋ ಹೊಸೆಯುತ್ತಿದ್ದವು. ನಿನ್ನ ಅತ್ತಿಗೆಗೂ ಹೇಳಿಲ್ಲ ಅಂದ.

ಟಕ್. ತಡವಾಯಿತು. ಟಕ್‌ಟಕ್ — ಬೆರಳು ಬಟನ್ನಿನ ಅಂಚಿನಿಂದ ಜಾರಿತು, ಅಧಿಕಾರಿ ಆಕಳಿಸಿದರು, ಇನ್ನೂ ಎಷ್ಟು ಹೊತ್ತು, ಬಂತು ಸಾರ್ ಬಂತು ಅನ್ನುತ್ತಾರೆ ಮ್ಯಾನೇಜರು — ಅಣ್ಣನ ಕತ್ತಿನ ಹಿಂದೆ ಬೆವರು, ಮೂಗಿನ ತುದಿಯಲ್ಲಿ ಬೆವರು, ಚಿಕ್ಕವರಿದ್ದಾಗ ಇದೇ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಎದುರು ನಿಲ್ಲುತ್ತಿದ್ದ, ಮನಸ್ಸಲ್ಲಿ ಒಂದು ಸಂಖ್ಯೆ ಅಂದ್ಕೋ ಪುಟ್ಟಿ, ಹತ್ತರ ಒಳಗೆ, ಅಂದ್ಕೊಂಡ್ಯಾ, ಏಳು — ಹೇಗೆ ಗೊತ್ತಾಯ್ತು ಅಂತ ನಾನು ಕುಣಿದಾಡುತ್ತಿದ್ದೆ, ಪ್ರತಿ ಸಲವೂ ಏಳೇ ಅಂದುಕೊಳ್ಳುತ್ತಿದ್ದೆ, ಪ್ರತಿ ಸಲವೂ ಬೆರಗಾಗುತ್ತಿದ್ದೆ, ದಡ್ಡಿ, ಬಚ್ಚಿಟ್ಟುಕೊಳ್ಳುವ ಆಟದಲ್ಲೂ ಅಷ್ಟೇ, ಯಾವಾಗಲೂ ಹಾಸಿಗೆ ಸುರುಳಿಯ ಹಿಂದೆಯೇ ಅಡಗುತ್ತಿದ್ದೆ, ಅವನು ಮನೆಯೆಲ್ಲ ಸುತ್ತಿ, ಬಾಗಿಲ ಹಿಂದೆ, ನೀರಿನ ಡ್ರಮ್ಮಿನೊಳಗೆ, ಅಪ್ಪನ ಕೋಟಿನ ಜೇಬಿನಲ್ಲಿ ಕೂಡ ಹುಡುಕಿ, ಎಲ್ಲಿ ಹೋದ್ಲಪ್ಪಾ ಈ ಹುಡುಗಿ ಕಾಣ್ತಾನೇ ಇಲ್ಲ ಎಂದು ಜೋರಾಗಿ ಗೋಳಾಡಿ, ಕಟ್ಟಕಡೆಗೆ ಹಾಸಿಗೆಯ ಬಳಿ ಬರುತ್ತಿದ್ದ. ನನ್ನನ್ನು ಹುಡುಕುವುದು ಕಷ್ಟ ಎಂದು ನಾನು ನಂಬಿ ಬೆಳೆದೆ, ಅದು ಅವನು ಕೊಟ್ಟದ್ದು. ಊಹಿಸಲಾಗದ ಸಂಖ್ಯೆ ಮಾಡುವ ಕೆಲಸವನ್ನೇ ಹಿಡಿದೆ ನೋಡಿ, ಏಳು ಬಿಟ್ಟರೆ ಬೇರೆ ಗೊತ್ತಿಲ್ಲದವಳು. ಮೊನ್ನೆ ತಗಡಿನ ಹಿಂದೆ ನಿಂತು ಅವನಿಗೆ ಎಲ್ಲ ಹೇಳಿದೆ, ಎಲ್ಲ ಅಂದರೆ ಬೀಗದ ವಿಷಯ, ನರ್ಸಿನ ವಿಷಯ ಹೇಳಲಿಲ್ಲ, ಒಂದು ಕಂಪ್ಲೇಂಟ್ ಬಂದಿದೆ ಅಂದೆ, ಹೇಳುವ ಧೈರ್ಯ ಬರಲಿಲ್ಲ, ಅವನು ಕೇಳಿಸಿಕೊಂಡು ಮೋಟಾರಿನ ಸ್ವಿಚ್ಚು ಆರಿಸಿದ, ರಬ್ಬರ್ ಬೆರಳು ಅರ್ಧಕ್ಕೆ ಎತ್ತಿಕೊಂಡೇ ನಿಂತಿತು. ಅಂದ್ರೆ, ಅಂದ, ಅಂದ್ರೆ ನಾನು ಈ ಕೈಯಲ್ಲೇ ಒತ್ತಿದ್ದಿದ್ರೆ — ನಾನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡೆ, ಸರಿಯಾಗೇ ಇದ್ದ ಪಟ್ಟಿ. ಸಂಜೆ ಅವನು ಊಟದ ಡಬ್ಬಿಯ ಚೀಲದಲ್ಲಿ ಅದನ್ನು ಬಿಚ್ಚಿ ಹಾಕಿಕೊಂಡು ಹೋದ, ಎಲ್ಲಿ ಎಸೆದನೋ ಕೇಳಲಿಲ್ಲ ನಾನು.

ಈ ಕೈಯಲ್ಲೇ ಒತ್ತಿದ್ದಿದ್ದರೆ, ಅಣ್ಣಾ, ಪರದೆಯನ್ನು ನೋಡು ಬಾ, ನೀನು ಈಗ ಒತ್ತುತ್ತಿರುವುದನ್ನು ನಾನು ನೋಡುತ್ತಿದ್ದೇನೆ, ಇಂಥ ಅಂಕಿಗಳನ್ನು ನಾನು ಇಷ್ಟು ವರ್ಷದ ಕೆಲಸದಲ್ಲಿ ನೋಡಿಲ್ಲ, ಒಂದರ ಹಾಗೆ ಒಂದಿಲ್ಲ, ಯಾವ ಜಾಣನೂ ಯಾವ ಯಂತ್ರವೂ ಮುಂದಿನದನ್ನು ಹೇಳಲಾರದು, ನಿನಗೇ ಗೊತ್ತಿಲ್ಲ ನಿನ್ನ ಬೆರಳು ಯಾವಾಗ ಬೀಳುತ್ತದೆ ಎಂದು, ಈ ಬೀಗ ಇವತ್ತು ಊರಿನಲ್ಲೇ ಗಟ್ಟಿಯಾದ ಬೀಗ, ನೀನು ನಾಚಿಕೆಪಟ್ಟುಕೊಂಡು ಮುಚ್ಚಿಟ್ಟ ಕೈಯೇ ಅಷ್ಟೂ ಬಾಗಿಲುಗಳನ್ನು ಕಾಯಬಹುದಿತ್ತು, ಅವಳ ಬಾಗಿಲನ್ನೂ. ಯಾರಿಗೆ ಹೇಳಲಿ ಇದನ್ನು, ಹೇಳಿದರೆ ನೀನು ಸಾಯುತ್ತೀಯ, ಹೇಳದೆ ಇದ್ದರೆ — ಹೇಳಬೇಕು, ಹೇಳುವುದೇ ಸರಿ ಎಂದು ಮೂರು ಹೊತ್ತೂ ಅಂದುಕೊಳ್ಳುತ್ತಿದ್ದೇನೆ, ಬೇರೆ ದಾರಿಯಲ್ಲಿ ಹೇಳಬಹುದೇ ಎಂದು ತಲೆ ಕೆಡಿಸಿಕೊಂಡು ನೋಡಿದ್ದಾಯಿತು, ಕರ್ನಲ್ಲಿನ ಲೆಕ್ಕ ತಪ್ಪು ಅನ್ನುತ್ತೇನೆ, ಆಗ ಮ್ಯಾನೇಜರು, ಮನುಷ್ಯನ ಕೈಗೆ ಅದು ಸಾಕಾಗಿತ್ತಲ್ಲಮ್ಮ, ಇನ್ನೇನು ಒತ್ತುತ್ತಿತ್ತು ಅಲ್ಲಿ ಅನ್ನುತ್ತಾರೆ, ರಿಪೇರಿಗೆ ಬಂದ ಬೀಗಗಳನ್ನು ತೋರಿಸುತ್ತೇನೆ, ಅವನ್ನು ನಾನು ಓಡಿಹೋಗಿ ಹೇಳಿದ ದಿನ ಸಂಜೆಯೇ ಮ್ಯಾನೇಜರು ತಾವೇ ಅಳಿಸಿ ಹೊಸ ಸಂಖ್ಯೆ ಹಾಕಿಟ್ಟಿದ್ದಾರೆ, ಯಾಕೆ ಸರ್ ಅಂದರೆ ಗಿರಾಕಿಗೆ ಬೇಗ ವಾಪಸ್ ಕೊಡ್ಬೇಡ್ವೇನಮ್ಮ ಅಂದರು, ನರ್ಸಿನ ಬೀಗ ಈಗ ಅಧಿಕಾರಿಯ ವಶದಲ್ಲಿ, ಮಾರಿಹೋದವು ಯಾರ ಯಾರದೋ ಬಾಗಿಲಲ್ಲಿ, ಅದೊಂದೇ ಇದ್ದರೆ ಯಾವುದಕ್ಕೆ ಹೋಲಿಸಲಿ. ಎಲ್ಲ ದಾರಿಯೂ ಸುತ್ತಿ ಬಳಸಿ ಆ ತಗಡಿನ ಹಿಂದಕ್ಕೇ ಬರುತ್ತದೆ, ಅಲ್ಲಿ ಅಣ್ಣ, ಕೈ ಮುಚ್ಚಿಕೊಂಡು — ಕಂಪನಿಗೆ ಒಬ್ಬ ಸಿಕ್ಕಿದರೆ ಸಾಕು, ಸೂಚನೆ ಮೀರಿದ ಕೆಲಸಗಾರ, ಕಾಯಿಲೆ ಮುಚ್ಚಿಟ್ಟವನು, ಇವನಿಂದ ಒಬ್ಬ ಹೆಣ್ಣುಮಗಳು ಹಾಳಾದಳು ಎಂದು ಅವನ ಹಣೆಯ ಮೇಲೆ ಬರೆದು ಹೊರಗೆ ಕಳಿಸುತ್ತಾರೆ, ಲೆಕ್ಕ ಬರೆದವರು ಇದೇ ಕುರ್ಚಿಯಲ್ಲಿ ಕೂತಿರುತ್ತಾರೆ, ಅವನು ಅದನ್ನು ತಡೆದುಕೊಳ್ಳುವುದಿಲ್ಲ, ನನಗೆ ಗೊತ್ತು, ಚಿಕ್ಕ ಹುಡುಗಿಯನ್ನು ಕೂಡ ಸೋಲಿಸಲು ಮನಸ್ಸು ಬಾರದವನು. ಅವಳು ಮಾತ್ರ ತಡೆದುಕೊಳ್ಳುತ್ತಾಳೆಯೇ, ಅವಳಿಗೇನು ಕಲ್ಲಿನ ಮೈಯೇ. ಅವಳು ನನಗೆ ಯಾರೂ ಅಲ್ಲ, ಆ ಮಾತು ಮನಸ್ಸಿನಲ್ಲಿ ಬಂದು ಹೋಯಿತು, ಬಂದದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯ, ಆದರೆ ಬಂತು. ಈಗಲೇ ಎದ್ದು ನಿಂತು ಹೇಳಿಬಿಡುತ್ತೇನೆ, ಈ ಒತ್ತಾದ ಮೇಲೆ, ಇಲ್ಲ ಇದಾದ ಮೇಲೆ.

ಹಸಿರು. ಪುಟ್ಟ ದೀಪ, ಇಷ್ಟೇ ಇಷ್ಟು. ಆಯ್ತು ಸಾರ್ ಅನ್ನುತ್ತಾರೆ ಮ್ಯಾನೇಜರು, ಏನಮ್ಮ ಹೇಗಿದೆ ನೋಡು, ಪರದೆಯನ್ನು ಅಧಿಕಾರಿಯ ಕಡೆ ತಿರುಗಿಸುತ್ತಾರೆ, ನಾನು ಪರೀಕ್ಷೆ ಓಡಿಸಬೇಕು, ಓಡಿಸಿದೆ, ಕೈ ತಾನೇ ತಾನಾಗಿ ಓಡಿಸಿತು, ಎಲ್ಲವೂ ಸರಿ ಎಂದು ಬಂತು, ಸರಿ ಸರಿ ಸರಿ ಎಂದು ಕೆಳಗಿನವರೆಗೂ, ಇದನ್ನ ಒಡೀಬೇಕು ಅಂದ್ರೆ ಎಷ್ಟು ಹೊತ್ತು ಬೇಕು ಅಂದರು ಅಧಿಕಾರಿ, ಭೂಮಿ ಇರೋವರೆಗೂ ಆಗಲ್ಲ ಸಾರ್ ಅಂದರು ಮ್ಯಾನೇಜರು ನನ್ನ ಪರವಾಗಿ, ಅದು ನಿಜ, ಈ ಬೀಗದ ಮಟ್ಟಿಗೆ ಅಪ್ಪಟ ನಿಜ, ಅಣ್ಣ ಕೈಯನ್ನು ಗಾಜಿನ ಮೇಲೆ ಇಟ್ಟು ಎಡಗೈಯಿಂದ ಮುಚ್ಚಿಕೊಂಡ. ಅಧಿಕಾರಿ ನನ್ನ ಕಡೆ ತಿರುಗಿದರು, ನೀವೇ ಹೇಳ್ಬೇಕು ಮೇಡಂ, ನಾಳೆ ಕೋರ್ಟಲ್ಲೂ ನೀವೇ ಹೇಳೋದು, ಎಲ್ಲಾ ಬೀಗಾನೂ ಹೀಗೇನಾ, ಇವರ ಕೈಯಲ್ಲೇ, ಹೀಗೇ ಒತ್ತಿ ಮಾಡಿದ್ದಾ — ಈಗ ಅಣ್ಣ ನೋಡಿದ, ನನ್ನನ್ನಲ್ಲ, ನನ್ನ ಬಾಯಿಯನ್ನು, ಇಲ್ಲ ಸರ್ ಅನ್ನಬೇಕು, ಎರಡು ಪದ, ಇಲ್ಲ ಸರ್ ಅಲ್ಲೊಂದು ರಬ್ಬರ್ — ಹೌದು ಸರ್ ಅಂದಳು ಯಾರೋ, ನನ್ನದೇ ದನಿ, ಗಟ್ಟಿಯಾಗಿ, ಒಂಚೂರೂ ನಡುಗದೆ. ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿ ನರ್ಸಿನ ಕಡೆ ತಿರುಗಿದರು, ನೋಡಿದ್ರಲ್ಲಮ್ಮ, ನಿಮ್ಮೆದುರಿಗೇ ಆಯ್ತು, ಇನ್ನಾದ್ರೂ ನಿಜ ಹೇಳಿಬಿಡಿ, ನಮಗೂ ಬೇರೆ ಕೆಲಸ ಇದೆ ಅಂದರು, ಮ್ಯಾನೇಜರು ಟೀ ತರಿಸಲಾ ಸಾರ್ ಅಂದರು. ಎಲ್ಲ ಮುಗಿಯಿತು, ಇಷ್ಟು ಬೇಗ ಮುಗಿಯುತ್ತದೆ ಎಂದು ನನಗೆ ತಿಳಿದಿರಲಿಲ್ಲ.

ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ, ಕೂಗಾಡಲಿಲ್ಲ, ಎದ್ದಳು, ಚೀಲ ಹೆಗಲಿಗೆ ಹಾಕಿಕೊಂಡಳು, ಬಾಗಿಲಿಗೆ ಹೋಗುವ ಬದಲು ಮೇಜನ್ನು ಸುತ್ತಿ ಬಂದಳು, ನನ್ನ ಕೆನ್ನೆಗೆ ಬಾರಿಸಲು ಬರುತ್ತಿದ್ದಾಳೆ, ಬಾರಿಸಲಿ, ಬಾರಿಸಲಪ್ಪಾ ಎಂದು ಮುಖ ಎತ್ತಿ ಕೂತೆ, ನನ್ನನ್ನು ದಾಟಿ ಹೋದಳು, ಬಳೆಯಿಲ್ಲದ ಕೈ, ಆಸ್ಪತ್ರೆಯ ಸೋಪಿನ ವಾಸನೆ, ಅಣ್ಣನ ಪಕ್ಕ ನಿಂತು ಬಗ್ಗಿದಳು, ಮುಚ್ಚಿದ ಎಡಗೈಯನ್ನು ಮೆಲ್ಲನೆ ಸರಿಸಿದಳು, ಪರ್ಮಿಶನ್ ಕೇಳಲಿಲ್ಲ, ಅಭ್ಯಾಸ ಇರುವವರು ಕೇಳುವುದಿಲ್ಲ, ಬಲಗೈಯನ್ನು ಎತ್ತಿ ತನ್ನ ಅಂಗೈಯಲ್ಲಿ ಇಟ್ಟುಕೊಂಡಳು — ಅವಳಿಗೆ ಇಷ್ಟು ಹೊತ್ತೂ ಕಾಣುತ್ತಿದ್ದುದು ಬೀಗವಲ್ಲ, ದೀಪವಲ್ಲ, ಇದು. ಎಷ್ಟು ದಿನದಿಂದ ಹೀಗಿದೆ ಅಣ್ಣಾ, ಎಂದಳು, ಅಣ್ಣಾ ಎಂದೇ ಅಂದಳು, ಸುಮ್ಮನೆ ಇಟ್ಟಾಗಲೂ ನಡುಗುತ್ತಲ್ಲ, ಡಾಕ್ಟರಿಗೆ ತೋರಿಸಿದ್ರಾ, ತೋರಿಸಿಲ್ವಾ, ಇದಕ್ಕೆ ಮಾತ್ರೆ ಇದೆ, ತಡ ಮಾಡ್ಬೇಡಿ — ಆಮೇಲೆ ಬೇರೇನೂ ಉದ್ದೇಶವಿಲ್ಲದೆ, ಯಾವ ರೋಗಿಯನ್ನಾದರೂ ಕೇಳುವ ಹಾಗೆ, ಈ ಕೈ ಇಟ್ಕೊಂಡು ಇಷ್ಟು ದಿನ ಕೆಲಸ ಹೇಗೆ ಮಾಡಿದ್ರಿ ಎಂದಳು. ಇದನ್ನೇ ಅಲ್ಲವೇ ಅಧಿಕಾರಿ ಕೇಳಬೇಕಾಗಿದ್ದುದು, ಅವರು ಆಗಲೇ ಕಾರಿಡಾರಿನಲ್ಲಿ ಫೋನಿನಲ್ಲಿ ಮಾತಾಡುತ್ತಾ ಹೋಗುತ್ತಿದ್ದಾರೆ, ಕೇಸ್ ಏನಿಲ್ಲ ಬಿಡಿ ಎಂಬುದು ಇಲ್ಲಿಗೂ ಕೇಳಿಸುತ್ತಿದೆ, ಮ್ಯಾನೇಜರು ಟೀ ಅನ್ನುವುದನ್ನು ಅರ್ಧಕ್ಕೆ ನಿಲ್ಲಿಸಿ ಅಣ್ಣನ ಕೈ ನೋಡುತ್ತಿದ್ದಾರೆ, ಮೊದಲ ಸಲ ನೋಡುತ್ತಿದ್ದಾರೆ, ಈ ಕೈ ಗಡಿಯಾರವಾಗಲಾರದು ಎಂದು ಗೊತ್ತಾಯಿತು ಅವರಿಗೆ, ನಾನು ಯಾರನ್ನು ಉಳಿಸಲು ಆ ಒಂದು ಮಾತು ಆಡಿದೆನೋ ಅವನೂ ಹೋದ, ಇವಳೂ ಹೋದಳು, ಇಬ್ಬರೂ ಹೋದರು, ನೀವು ಯಾರಮ್ಮಾ ಎನ್ನುತ್ತಿದ್ದಾನೆ ಅಣ್ಣ, ಯಾರಿಗೇನಾಯ್ತು ಪುಟ್ಟಿ, ಈ ತಾಯಿ ಯಾಕೆ ಬಂದಿದಾರೆ ಇಲ್ಲಿಗೆ, ನಾನು ಉತ್ತರ ಹೇಳಬೇಕು, ಹೇಳಲು ತಲೆ ಎತ್ತಬೇಕು, ಎತ್ತಲಾಗುತ್ತಿಲ್ಲ, ಅವಳ ಅಂಗೈ ಕಾಣುತ್ತಿದೆ ಅಷ್ಟೇ, ಅಂಗೈಯಲ್ಲಿ ಆ ಬೆರಳು, ದೀಪ ಹಸಿರಾದದ್ದು ಅದಕ್ಕೆ ಗೊತ್ತಿಲ್ಲ, ಇನ್ನೂ ಒತ್ತುತ್ತಿದೆ, ಅವಳ ಅಂಗೈಯನ್ನು ಒತ್ತುತ್ತಿದೆ, ಒಮ್ಮೆ, ತಡೆದು ಎರಡು ಸಲ, ಅವಳು ಬಿಡದೆ ಹಿಡಿದುಕೊಂಡಿದ್ದಾಳೆ, ಆ ಬೆರಳು, ಅವಳ ಅಂಗೈ, ಒಮ್ಮೆ, ಆ ಬೆರಳು